ಕ್ಯಾನಿನ ಮರೆಯಲ್ಲಿ ಬ್ರೇಕ್ ದೀಪ: ಬೈಕಿಗೆ ಹೆಚ್ಚುವರಿ ಎಲ್‌ಇಡಿ ಅಳವಡಿಸುವುದು ಹೇಗೆ?



ನಾಳೆ ಬೆಳಗಿನ ಜಾವ ಹಾಲು ಕರೆದು, ಕ್ಯಾನುಗಳನ್ನು ಬೈಕಿನ ಎರಡೂ ಪಕ್ಕಕ್ಕೆ ನೇತುಹಾಕಿದ ಮೇಲೆ ಒಂದು ಕೆಲಸ ಮಾಡಿ. ಮನೆಯವರಿಗೆ ಬ್ರೇಕ್ ಒತ್ತಲು ಹೇಳಿ, ನೀವು ಹಿಂದೆ ಇಪ್ಪತ್ತು ಹೆಜ್ಜೆ ದೂರ ನಿಂತು ನೋಡಿ. ನೇರ ಹಿಂದಿನಿಂದ ದೀಪ ಕಾಣಬಹುದು. ಸ್ವಲ್ಪ ಪಕ್ಕಕ್ಕೆ ಸರಿದರೆ ಕ್ಯಾನು ಅಡ್ಡ ಬರುತ್ತದೆ. ಸಂಜೆ ಹುಲ್ಲಿನ ಹೊರೆ ಹೇರಿದ್ದರಂತೂ ದೀಪವೇ ಕಾಣದು. ಮಂಜು ಮುಸುಕಿದ ರಸ್ತೆಯಲ್ಲಿ ನೀವು ಬ್ರೇಕ್ ಹಿಡಿದದ್ದು ಹಿಂದಿನ ಲಾರಿಯವನಿಗೆ ತಿಳಿಯುವುದಾದರೂ ಹೇಗೆ?

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ತಂತಿಯ ಬಲ್ಬ್ ಕಾಯ್ದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ತಕ್ಷಣ ಬೆಳಗುತ್ತದೆ. ಅಷ್ಟರಲ್ಲೇ ಹಿಂದಿನವನಿಗೆ 3 ಮೀಟರ್ ಉಳಿಯುತ್ತದೆ. ಅದು ಒಂದು ಬೈಕಿನ ಉದ್ದಕ್ಕಿಂತ ಹೆಚ್ಚು.

ಬೇಕಾಗುವ ಸಾಮಗ್ರಿ (ಎರಡು ದೀಪಗಳಿಗೆ)

• 5 ಮಿ.ಮೀ. ಕೆಂಪು ಎಲ್‌ಇಡಿ – 24
• 470 ಓಮ್, ಕಾಲು ವ್ಯಾಟ್ ರೆಸಿಸ್ಟರ್ – 8 (ಪಟ್ಟಿಗಳು ಹಳದಿ, ನೇರಳೆ, ಕಂದು)
• 1ಎನ್ 4007 ಡಯೋಡ್ – 1
• 1 ಆಂಪಿಯರ್ ಫ್ಯೂಸ್, ಹೋಲ್ಡರ್ ಸಹಿತ
• ರಂಧ್ರವಿರುವ ಸರ್ಕ್ಯೂಟ್ ಬೋರ್ಡ್, ಪಾರದರ್ಶಕ ಮುಚ್ಚಳದ ಎರಡು ಚಿಕ್ಕ ಡಬ್ಬಿ, ವೈರ್, ವೈರಿನ ಕೊಳವೆ, ಸಿಲಿಕೋನ್ ಅಂಟು

ದೀಪ ತಯಾರಿಸುವ ವಿಧಾನ

ಒಂದು ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಎಂಜಿನ್ ಓಡುವಾಗ ಬೈಕಿನಲ್ಲಿ 14 ವೋಲ್ಟ್‌ಗೂ ಹೆಚ್ಚು ಇರುತ್ತದೆ. ನೇರವಾಗಿ ಕೊಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಆದ್ದರಿಂದ ಮೂರು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿ, ಆ ಸಾಲಿಗೆ ಒಂದು ರೆಸಿಸ್ಟರ್ ಸೇರಿಸಿ ಬೆಸುಗೆ ಹಾಕಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಎಂಬುದನ್ನು ಮರೆಯಬೇಡಿ. ಇಂಥ ನಾಲ್ಕು ಸಾಲುಗಳನ್ನು ಅಕ್ಕಪಕ್ಕ ಜೋಡಿಸಿ, ಪ್ಲಸ್ ತುದಿಗಳನ್ನು ಒಂದುಗೂಡಿಸಿ, ಮೈನಸ್ ತುದಿಗಳನ್ನು ಒಂದುಗೂಡಿಸಿದರೆ ಒಂದು ದೀಪ ಸಿದ್ಧ. ಎರಡೂ ದೀಪ ಸೇರಿ 2 ವ್ಯಾಟ್ ಕೂಡ ಎಳೆಯುವುದಿಲ್ಲ. ಬಹಳಷ್ಟು ಬೈಕುಗಳ ಬ್ರೇಕ್ ಬಲ್ಬ್ ಒಂದೇ 21 ವ್ಯಾಟ್ ಎಳೆಯುತ್ತದೆ. ಹಾಗಾಗಿ ಬ್ಯಾಟರಿಗೆ ಭಾರವಿಲ್ಲ.

ಬೆಸುಗೆ ಬಾರದವರು ಅಂಗಡಿಯಲ್ಲಿ ಸಿಗುವ 12 ವೋಲ್ಟ್ ಕೆಂಪು ಎಲ್‌ಇಡಿ ಪಟ್ಟಿ ಬಳಸಬಹುದು. ಅದನ್ನು ಗುರುತು ಇರುವಲ್ಲಿ ಮಾತ್ರ ಕತ್ತರಿಸಬೇಕು.

ಬೈಕಿಗೆ ಜೋಡಿಸುವ ವಿಧಾನ

1. ಹಿಂದಿನ ದೀಪಕ್ಕೆ ಹೋಗುವ ವೈರುಗಳನ್ನು ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸಿ. ಬ್ರೇಕ್ ಒತ್ತಿದಾಗ ಮಾತ್ರ ಕರೆಂಟು ಬರುವ ವೈರ್ ನಮಗೆ ಬೇಕು. ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಬಣ್ಣ ನಂಬಬೇಡಿ.
2. ಆ ವೈರಿನಿಂದ ಕವಲು ತೆಗೆದು, ಹತ್ತಿರದಲ್ಲೇ ಫ್ಯೂಸ್, ನಂತರ ಡಯೋಡ್ ಹಾಕಿ. ಡಯೋಡಿನ ಬಿಳಿ ಪಟ್ಟಿ ದೀಪದ ಕಡೆಗಿರಲಿ. ಅಲ್ಲಿಂದ ಎರಡೂ ದೀಪಗಳ ಪ್ಲಸ್‌ಗೆ ಕೊಡಿ. ಮೈನಸ್ ವೈರನ್ನು ಹಿಂದಿನ ದೀಪದ ಅರ್ತ್ ವೈರಿಗೆ ಸೇರಿಸಿ.
3. ಡಬ್ಬಿಗಳನ್ನು ಕ್ಯಾನಿಗೆ ಕಟ್ಟಬೇಡಿ. ಕ್ಯಾನು ತೂಗುಹಾಕುವ ಸ್ಟ್ಯಾಂಡಿನ ಹಿಂತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಕ್ಯಾನು ಮರೆಮಾಡದ ಜಾಗದಲ್ಲಿ ಬಿಗಿಯಿರಿ. 5 ಮಿ.ಮೀ. ಎಲ್‌ಇಡಿಯ ಬೆಳಕು ನೇರಕ್ಕೆ ಹೆಚ್ಚು; ಆದ್ದರಿಂದ ಮುಖ ನೇರ ಹಿಂದಕ್ಕಿರಲಿ.
4. ವೈರನ್ನು ಕೊಳವೆಯೊಳಗೆ ತೂರಿಸಿ. ಸೈಲೆನ್ಸರ್, ಚಕ್ರ, ಚೈನಿಗೆ ತಾಗದಂತೆ ಕಟ್ಟಿ. ಡಬ್ಬಿಯ ಅಂಚಿಗೆ ಸಿಲಿಕೋನ್ ಹಚ್ಚಿದರೆ ಮಳೆ ನೀರು, ಕ್ಯಾನು ತೊಳೆದ ನೀರು ಒಳಗಿಳಿಯದು.
5. ಕೈ ಬ್ರೇಕ್, ಕಾಲು ಬ್ರೇಕ್ ಬೇರೆ ಬೇರೆಯಾಗಿ ಒತ್ತಿ ನೋಡಿ. ಎರಡಕ್ಕೂ ಬೆಳಗಬೇಕು. ಬಿಟ್ಟ ಮೇಲೂ ಉರಿಯುತ್ತಿದ್ದರೆ ಬ್ರೇಕ್ ಸ್ವಿಚ್ ಸರಿಪಡಿಸಿ. ಸದಾ ಉರಿಯುವ ಬ್ರೇಕ್ ದೀಪ ಹಿಂದಿನವರಿಗೆ ಏನನ್ನೂ ಹೇಳುವುದಿಲ್ಲ.

ಎಚ್ಚರಿಕೆ

ಕಂಪನಿ ಕೊಟ್ಟ ದೀಪವನ್ನು ತೆಗೆಯಬೇಡಿ. ಇದು ಅದಕ್ಕೆ ಜೊತೆ, ಬದಲಿ ಅಲ್ಲ. ಬಣ್ಣ ಕೆಂಪೇ ಇರಲಿ. ನೀಲಿ, ಬಿಳಿ ಬೇಡ, ಮಿನುಗುವ ದೀಪವೂ ಬೇಡ. ನಂಬರ್ ಪ್ಲೇಟ್ ಮುಚ್ಚಬಾರದು. ವಾರಂಟಿ ಇರುವ ಹೊಸ ಬೈಕಿನ ವೈರ್ ಕತ್ತರಿಸುವ ಮುನ್ನ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಮೈನಸ್ ಕಳಚಿ, ಪರೀಕ್ಷಿಸುವಾಗ ಮಾತ್ರ ಜೋಡಿಸಿ.

ಇಷ್ಟು ಮಾಡಲಾಗದವರು ಇಂದೇ ಕ್ಯಾನಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ದೀಪ ಹಾಕಿದವರೂ ಅಂಟಿಸಿ. ವೈರ್ ತುಂಡಾದ ದಿನವೂ ಅದು ಹೊಳೆಯುತ್ತದೆ. ಟೇಪ್, ದೀಪ ಎರಡನ್ನೂ ವಾರಕ್ಕೊಮ್ಮೆ ಒರೆಸಿ. ಕೆಸರು, ಸಗಣಿ ಮೆತ್ತಿದ ದೀಪ ಇದ್ದೂ ಇಲ್ಲದಂತೆ.

ಕ್ಯಾನು ಸ್ವಚ್ಛವಾಗಿದೆಯೇ ಎಂದು ದಿನಾ ನೋಡುತ್ತೀರಿ. ಅದೇ ಹೊತ್ತಿಗೆ ಬ್ರೇಕ್ ಒಮ್ಮೆ ಒತ್ತಿ, ಹಿಂತಿರುಗಿ ನೋಡಿ ಹೊರಡಿ. ಹಾಲು ಸಂಘ ಸೇರಿದಂತೆ ನೀವೂ ಮನೆ ಸೇರಬೇಕು.