ಗೂಟಿ ಕಟ್ಟುವಿಕೆ: ದಾಳಿಂಬೆಗೆ ಸಲ್ಲುವುದು ತಾಳೆಗೆ ಏಕೆ ಸಲ್ಲದು?

ಪಾಠದ ಆಶಯ

ಕುಂಡದಲ್ಲಿ ನೆಟ್ಟು ಒಳಾಂಗಣದಲ್ಲಿ ಬೆಳೆಸಿದ ಅಲಂಕಾರದ ತಾಳೆಗಿಡವು ಕೆಲವು ವರ್ಷಗಳಲ್ಲಿ ಸೂರನ್ನು ಮುಟ್ಟುವಷ್ಟು ಎತ್ತರವಾಗುತ್ತದೆ. ಕೆಳಗೆ ಬರಿಯ ಕಾಂಡ, ಮೇಲೆ ಒಂದಿಷ್ಟು ಗರಿ ಉಳಿಯುತ್ತವೆ. ದಾಳಿಂಬೆಗೆ ಕಟ್ಟುವಂತೆ ಅದರ ಕಾಂಡಕ್ಕೂ ಗೂಟಿ ಕಟ್ಟಿ, ಬೇರು ಬಂದ ಮೇಲೆ ಕೆಳಗೆ ಕತ್ತರಿಸಿ, ಗಿಡವನ್ನು ಗಿಡ್ಡವಾಗಿಸಬಹುದೇ? ಈ ಪ್ರಶ್ನೆ ತೋಟಗಾರಿಕೆಯದಾಗಿ ಕಂಡರೂ ಅದರ ಉತ್ತರವು ಪ್ರೌಢಶಾಲೆಯ ಅಂಗಾಂಶಗಳ ಪಾಠದಲ್ಲಿದೆ. ಏಕದಳ ಮತ್ತು ದ್ವಿದಳ ಸಸ್ಯಗಳ ಕಾಂಡರಚನೆಯ ಭೇದವನ್ನು ವಿದ್ಯಾರ್ಥಿಯು ಚಿತ್ರ ನೋಡಿ ಕಂಠಪಾಠ ಮಾಡದೆ, ಕಣ್ಣಾರೆ ಕಂಡು ತಿಳಿಯುವಂತೆ ಮಾಡುವುದು ಈ ಪಾಠದ ಆಶಯ. ಅದಕ್ಕೆ ಬೇಕಾದ ಸಾಮಗ್ರಿ ರಾಯದುರ್ಗ ಮತ್ತು ಮಡಕಶಿರ ಭಾಗದ ಶಾಲೆಗಳ ಸುತ್ತಲೇ ಇದೆ. ಅನಂತಪುರ ಸೀಮೆ ದಾಳಿಂಬೆಗೆ ಹೆಸರಾದುದು. ತುಮಕೂರು ಜಿಲ್ಲೆಗೆ ತಗುಲಿದ ಮಡಕಶಿರದ ಕಡೆ ಅಡಕೆ, ತೆಂಗಿನ ತೋಟಗಳಿವೆ. ಹಳ್ಳದ ಬದುಗಳಲ್ಲಿ ಈಚಲು ಬೆಳೆಯುತ್ತದೆ.

ಪದಗಳ ಪರಿಚಯ

ಈ ಭಾಗದ ಮಕ್ಕಳು ತೋಟದಲ್ಲಿ ತೆಲುಗು ಮಾತನ್ನೂ ತರಗತಿಯಲ್ಲಿ ಕನ್ನಡವನ್ನೂ ಕೇಳುತ್ತಾರೆ. ಆದುದರಿಂದ ಪಾಠಕ್ಕೆ ಮುನ್ನ ಶಿಕ್ಷಕರು ಎರಡೂ ಭಾಷೆಗಳ ಪದಗಳನ್ನು ಮಕ್ಕಳಿಂದಲೇ ಹೇಳಿಸಿ ಕಪ್ಪುಹಲಗೆಯ ಮೇಲೆ ಜೋಡಿಯಾಗಿ ಬರೆಯುವುದು ಒಳ್ಳೆಯದು: ದಾಳಿಂಬೆ–ದಾನಿಮ್ಮ, ಅಡಕೆ–ವಕ್ಕ, ಈಚಲು–ಈತ, ತಾಳೆ–ತಾಟಿ, ಬೇರು–ವೇರು. ಗೂಟಿಗೆ ತೆಲುಗಿನಲ್ಲಿ ‘ಗಾಲಿ ಅಂಟು’ ಎನ್ನುತ್ತಾರೆ. ಇದನ್ನು ಕೇಳಿದ ಮಗು ಕನ್ನಡದಲ್ಲಿಯೂ ‘ಗಾಲಿ’ ಎಂದೇ ಬರೆಯುವ ಸಂಭವವಿದೆ. ಕನ್ನಡದಲ್ಲಿ ಗಾಲಿ ಎಂದರೆ ಚಕ್ರ. ಇಲ್ಲಿ ಬೇಕಾದುದು ಗಾಳಿ. ಇದನ್ನು ತಪ್ಪೆಂದು ಕೆಂಪು ಗೆರೆ ಎಳೆದು ಬಿಡದೆ, ಲ ಮತ್ತು ಳ ಕಾರಗಳ ಅರ್ಥಭೇದವನ್ನು ತಿಳಿಸಲು ಬಳಸಿಕೊಳ್ಳಬೇಕು. ನೆಲಕ್ಕೆ ತಾಗದೆ, ಗಾಳಿಯಲ್ಲಿರುವ ಕೊಂಬೆಯಲ್ಲಿಯೇ ಬೇರು ಬರಿಸುವುದರಿಂದ ಈ ಹೆಸರು ಬಂದಿದೆ ಎಂದಾಗ ಪದವೂ ಕ್ರಿಯೆಯೂ ಒಟ್ಟಿಗೆ ಮನಸ್ಸಿನಲ್ಲಿ ನಿಲ್ಲುತ್ತವೆ.

ಮೊದಲ ಹಂತ: ದಾಳಿಂಬೆಯ ಕೊಂಬೆ

ಮಳೆಗಾಲದಲ್ಲಿ ಶಿಕ್ಷಕರು ಪೆನ್ಸಿಲ್ ಗಾತ್ರದ ಆರೋಗ್ಯವಂತ ಕೊಂಬೆಯೊಂದನ್ನು ಆರಿಸಿ, ಸುಮಾರು 2.5 ಸೆಂ.ಮೀ. ಅಗಲದ ಉಂಗುರದಷ್ಟು ತೊಗಟೆಯನ್ನು ಸುತ್ತಲೂ ತೆಗೆಯಬೇಕು. ಚಾಕುವನ್ನು ಮಕ್ಕಳ ಕೈಗೆ ಕೊಡಬಾರದು. ಗಾಯದ ಸುತ್ತ ಒದ್ದೆ ಪಾಚಿ ಅಥವಾ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಬೇಕು. ಒಂದೆರಡು ತಿಂಗಳಲ್ಲಿ ಹಾಳೆಯೊಳಗೆ ಬಿಳಿಯ ಬೇರುಗಳು ಕಾಣುತ್ತವೆ.

ಕಾರಣವನ್ನು ಹೀಗೆ ವಿವರಿಸಬಹುದು. ದ್ವಿದಳ ಸಸ್ಯದ ಕಾಂಡದಲ್ಲಿ ಫ್ಲೋಯಂ ತೊಗಟೆಯ ಭಾಗದಲ್ಲಿಯೂ ಕ್ಸೈಲಂ ಒಳಗಿನ ಕಟ್ಟಿಗೆಯಲ್ಲಿಯೂ ಇರುತ್ತವೆ. ಇವೆರಡರ ನಡುವೆ ಕೇಂಬಿಯಂ ಎಂಬ ವರ್ಧನ ಅಂಗಾಂಶವು ಬಳೆಯಂತೆ ಸುತ್ತಿರುತ್ತದೆ. ತೊಗಟೆ ತೆಗೆದರೂ ಕ್ಸೈಲಂ ಉಳಿದಿರುವುದರಿಂದ ನೀರು ಮೇಲೇರಿ ಕೊಂಬೆ ಬದುಕಿರುತ್ತದೆ. ಎಲೆಗಳಿಂದ ಇಳಿದುಬರುವ ಆಹಾರ ಮತ್ತು ಆಕ್ಸಿನ್ ಹಾರ್ಮೋನು ಗಾಯದ ಮೇಲಂಚಿನಲ್ಲಿ ತಡೆದು ನಿಲ್ಲುತ್ತವೆ. ಅಲ್ಲಿಯೇ ಬೇರು ಮೂಡುತ್ತದೆ.

ಎರಡನೆಯ ಹಂತ: ಈಚಲು ಮರದ ಗಾಯ

ಬಳಿಕ ಮಕ್ಕಳನ್ನು ಈಚಲು ಅಥವಾ ತೆಂಗಿನ ಮರದ ಬಳಿಗೆ ಕರೆದೊಯ್ಯಬೇಕು. ಹೆಂಡ ಇಳಿಸಲು ಈಚಲಿಗೆ ಮಾಡಿದ ಕಚ್ಚುಗಳಾಗಲಿ, ಏರಲು ತೆಂಗಿನ ಕಾಂಡದಲ್ಲಿ ಕಡಿದ ಮೆಟ್ಟಿಲುಗಳಾಗಲಿ ಎಷ್ಟು ವರ್ಷವಾದರೂ ಮುಚ್ಚಿಕೊಳ್ಳುವುದಿಲ್ಲ. ಬೇವಿನ ಮರದ ಗಾಯವಾದರೋ ಅಂಚಿನಿಂದ ಬೆಳೆದು ಕ್ರಮೇಣ ಕೂಡಿಕೊಳ್ಳುತ್ತದೆ. ಈ ಎರಡನ್ನು ಹೋಲಿಸಿ ನೋಡುವಂತೆ ಮಕ್ಕಳಿಗೆ ಹೇಳಬೇಕು.

ತಾಳೆಯ ಕುಟುಂಬದ ಮರಗಳು ಏಕದಳ ಸಸ್ಯಗಳು. ಅವುಗಳಲ್ಲಿ ಕ್ಸೈಲಂ–ಫ್ಲೋಯಂ ಕಟ್ಟುಗಳು ಕಾಂಡದ ತುಂಬ ಚದುರಿರುತ್ತವೆ. ಕೇಂಬಿಯಂನ ಬಳೆ ಇಲ್ಲ. ಕಡಿದ ಅಡಕೆ ಮರದ ತುಂಡಿನ ಅಡ್ಡಕೊಯ್ತದಲ್ಲಿ ಈ ಕಟ್ಟುಗಳು ಚುಕ್ಕೆಗಳಂತೆ ಕಾಣುತ್ತವೆ. ಸುಲಿಯಲು ಪ್ರತ್ಯೇಕ ತೊಗಟೆಯೇ ಇಲ್ಲದ ಕಾಂಡಕ್ಕೆ ಉಂಗುರ ತೆಗೆಯುವುದೆಂದರೆ ಅದನ್ನು ಗಾಯಗೊಳಿಸುವುದಷ್ಟೆ. ಇದಲ್ಲದೆ ಒಂಟಿ ಕಾಂಡದ ತಾಳೆಗೆ ಬೆಳೆಯುವ ತುದಿ ಒಂದೇ, ಅದೇ ಸುಳಿ. ಸುಳಿ ಕೊಳೆತರೆ ತೆಂಗು ಉಳಿಯದೆಂಬುದು ಪ್ರತಿಯೊಬ್ಬ ತೋಟಗಾರನಿಗೂ ಗೊತ್ತು. ಬೇರಿಲ್ಲದ ಕಾಂಡವನ್ನು ನಡುವೆ ಕತ್ತರಿಸಿದರೆ ಮೇಲಿನ ಭಾಗ ಒಣಗುತ್ತದೆ, ಕೆಳಗಿನ ಭಾಗ ಚಿಗುರುವುದಿಲ್ಲ.

ಮೂರನೆಯ ಹಂತ: ಕುಂಡದ ಗಿಡಗಳು

ನಿಯಮವನ್ನು ತಿಳಿದ ಮಕ್ಕಳು ಅದರ ಮಿತಿಯನ್ನೂ ತಿಳಿಯಬೇಕು. ಮೆಕ್ಸಿಕೊ, ಗ್ವಾಟೆಮಾಲ ಮೂಲದ ಪಾರ್ಲರ್ ಪಾಮ್ ಮತ್ತು ಅದರ ಕೆಲವು ಹತ್ತಿರದ ಜಾತಿಗಳ ಗೆಣ್ಣುಗಳಲ್ಲಿ ಬೇರಿನ ಮೊಳಕೆಗಳು ಗಂಟುಗಳಂತೆ ತಾವಾಗಿ ಹೊರಚಾಚಿರುತ್ತವೆ. ಅವುಗಳಿಗೆ ಗೂಟಿ ಫಲಿಸುತ್ತದೆ. ಉಂಗುರ ತೆಗೆಯದೆ, ಆ ಗೆಣ್ಣಿನ ಸುತ್ತ ಒದ್ದೆ ಪಾಚಿ ಕಟ್ಟಿ, ಬೇರುಗಳು ಚೆನ್ನಾಗಿ ತುಂಬಿದ ಮೇಲೆ ಕೆಳಗೆ ಕತ್ತರಿಸಿ ಬೇರೆ ಕುಂಡದಲ್ಲಿ ನೆಟ್ಟು ನೆರಳಿನಲ್ಲಿಡಬೇಕು. ಇದಕ್ಕೆ ಹಲವು ತಿಂಗಳು ಹಿಡಿಯಬಹುದು. ಅನಂತಪುರ ಸೀಮೆಯ ಒಣಹವೆಯಲ್ಲಿ ಪಾಚಿಯ ತೇವ ಆರದಂತೆ ಆಗಾಗ ನೋಡಿಕೊಳ್ಳುವುದು ಅಗತ್ಯ. ಕುಂಡದಲ್ಲಿ ಉಳಿದ ಮೋಟು ಕಾಂಡ ಮತ್ತೆ ಚಿಗುರದು.

ನರ್ಸರಿಗಳಲ್ಲಿ ‘ಅರೆಕಾ ಪಾಮ್’ ಎಂದು ಮಾರುವ ಗಿಡ ನಮ್ಮ ಅಡಕೆಯಲ್ಲ. ಅದು ಮಡಗಾಸ್ಕರ್ ಮೂಲದ್ದು. ಅದು ಬುಡದಿಂದ ಮರಿಯೊಡೆದು ಗುಂಪಾಗಿ ಬೆಳೆಯುವುದರಿಂದ ಗೂಟಿಯ ಗೊಡವೆ ಬೇಡ. ಅತಿ ಎತ್ತರದ ಕಾಂಡವನ್ನು ಬುಡಕ್ಕೇ ಕತ್ತರಿಸಿದರೆ ಗಿಡ್ಡ ಕಾಂಡಗಳು ಉಳಿಯುತ್ತವೆ. ತಾಳೆಯಂತೆ ಕಾಣುವ ಡ್ರಸೀನ ಏಕದಳವೇ ಆದರೂ ತಾಳೆಯ ಕುಟುಂಬದ್ದಲ್ಲ. ಅದರ ಕಾಂಡ ಬೇರೊಂದು ಬಗೆಯ ವರ್ಧನ ಅಂಗಾಂಶದಿಂದ ದಪ್ಪವಾಗುತ್ತದೆ. ಅದಕ್ಕೆ ಗೂಟಿಯೂ ಸುಲಭವಾಗಿ ಹಿಡಿಯುತ್ತದೆ, ಉಳಿದ ಮೋಟೂ ಚಿಗುರುತ್ತದೆ. ಹೀಗೆ ‘ಪಾಮ್’ ಎಂಬ ಒಂದೇ ಹೆಸರಿನಡಿ ಮೂರು ಸ್ವಭಾವದ ಗಿಡಗಳಿವೆ. ಹೆಸರನ್ನು ನಂಬಿ ಚಾಕು ಹಿಡಿದವನು ಗಿಡವನ್ನು ಕಳೆದುಕೊಳ್ಳುತ್ತಾನೆ. ಕಾಂಡವನ್ನು ನೋಡಿ ಹಿಡಿದವನು ಉಳಿಸಿಕೊಳ್ಳುತ್ತಾನೆ.

ಮೌಲ್ಯಮಾಪನ

1. ತೊಗಟೆಯ ಉಂಗುರ ತೆಗೆದರೂ ದಾಳಿಂಬೆಯ ಕೊಂಬೆ ಒಣಗುವುದಿಲ್ಲ, ಏಕೆ?
2. ಈಚಲು ಮರದ ಕಚ್ಚು ಮುಚ್ಚಿಕೊಳ್ಳದಿರುವುದು ಅದರ ಕಾಂಡರಚನೆಯ ಬಗ್ಗೆ ಏನನ್ನು ತಿಳಿಸುತ್ತದೆ?
3. ‘ಗಾಳಿ’, ‘ಗಾಲಿ’ ಪದಗಳನ್ನು ಬಳಸಿ ಒಂದೊಂದು ವಾಕ್ಯ ರಚಿಸಿರಿ.
4. ಎತ್ತರವಾದ ಕುಂಡದ ಗಿಡವೊಂದನ್ನು ಕತ್ತರಿಸುವ ಮುನ್ನ ಅದರ ಕಾಂಡದಲ್ಲಿಯೂ ಬುಡದಲ್ಲಿಯೂ ಏನೇನನ್ನು ಪರೀಕ್ಷಿಸುವಿರಿ? ಮನೆಯ ಹಿರಿಯರೊಬ್ಬರಿಗೆ ತಿಳಿಯುವಂತೆ ಐದು ವಾಕ್ಯಗಳಲ್ಲಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಉತ್ತರಿಸುವಾಗ ವಿದ್ಯಾರ್ಥಿಯು ಮನೆಮಾತಿನ ಪದವನ್ನು ಬಳಸಿದರೆ ಅಂಕ ಕಳೆಯಬಾರದು. ಅದರ ಪಕ್ಕದಲ್ಲಿ ಕನ್ನಡದ ಪದವನ್ನು ಅವನಿಂದಲೇ ಬರೆಯಿಸಬೇಕು.