ಬಣ್ಣ ಬಳಿಯುತ್ತ ಕೂತರೆ ಮಗ ಹುಷಾರಾಗುತ್ತಾನೆಯೇ?

ಪ್ರಶ್ನೆ: ಮಗನಿಗೆ 16 ವರ್ಷ. ಎಂಟು ತಿಂಗಳ ಹಿಂದೆ ಗೆಳೆಯನ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾಯಿತು. ಆಪರೇಷನ್ ಆಗಿ ಬದುಕಿದ. ಈಗ ಓಡಾಡುತ್ತಾನೆ. ಆದರೆ ಮಾತಿಗೆ ತಡಕಾಡುತ್ತಾನೆ, ಸಣ್ಣದಕ್ಕೂ ಸಿಟ್ಟು ಬಂದು ತಟ್ಟೆ ಎಸೆಯುತ್ತಾನೆ. ಆಸ್ಪತ್ರೆಯವರು ವಾರಕ್ಕೊಮ್ಮೆ ಚಿತ್ರ, ಸಂಗೀತದ ಥೆರಪಿಗೆ ಕರೆತನ್ನಿ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಬರೆಯಬೇಕಾದವನು ಬಣ್ಣ ಬಳಿಯುತ್ತ ಕೂತರೆ ಹೇಗೆ ಎಂದು ನಮ್ಮ ಯಜಮಾನರ ಸಿಟ್ಟು. ನನ್ನ ಮೊದಲಿನ ಮಗ ಮತ್ತೆ ಸಿಗುತ್ತಾನಾ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮಗ ಕಣ್ಣೆದುರಿಗಿದ್ದಾನೆ, ಆದರೂ ಮಗನನ್ನು ಕಳೆದುಕೊಂಡ ಸಂಕಟ. ನೋಡಲು ಬಂದವರೆಲ್ಲ ‘ಜೀವ ಉಳೀತಲ್ಲ, ಅದೇ ದೊಡ್ಡದು’ ಎಂದು ಹೇಳಿ ಹೋಗುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಆ ಮಾತಿನ ಮುಂದೆ ನಿಮಗೆ ಅಳುವುದಕ್ಕೂ ಜಾಗ ಉಳಿದಿಲ್ಲ. ಮಗ ಬದುಕಿದ್ದಕ್ಕೆ ಸಂತೋಷ, ಅವನು ಬದಲಾಗಿದ್ದಕ್ಕೆ ದುಃಖ, ಎರಡೂ ಒಟ್ಟಿಗೇ ಇರಬಹುದು. ಅದರಲ್ಲಿ ತಪ್ಪಿಲ್ಲ. ನಿಮ್ಮ ಯಜಮಾನರ ಸಿಟ್ಟಿನೊಳಗೂ ಇದೇ ದುಃಖ ಇದ್ದೀತು. ಮಗ ಪರೀಕ್ಷೆ ಬರೆದರೆ ಎಲ್ಲ ಮೊದಲಿನಂತಾಯಿತು ಎಂದು ಅವರು ನಂಬಿರಬಹುದು.

ಪೂರ್ತಿ ಮೊದಲಿನಂತೆ ಆಗುತ್ತಾನೆ ಎಂದು ಯಾರೂ ಮಾತು ಕೊಡಲಾರರು, ನಾನೂ ಕೊಡುವುದಿಲ್ಲ. ಆದರೆ ಎಂಟು ತಿಂಗಳಿಗೆ ಎಲ್ಲ ಮುಗಿಯಿತು ಎಂದೂ ಅಲ್ಲ. ಮಿದುಳಿನ ಚೇತರಿಕೆ ಮೊದಲು ಬೇಗ ಬೇಗ ಕಾಣುತ್ತದೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ.

ತಟ್ಟೆ ಎಸೆಯುವುದನ್ನು ಕೆಟ್ಟ ಬುದ್ಧಿ ಎಂದುಕೊಳ್ಳಬೇಡಿ. ಸಿಟ್ಟನ್ನು ತಡೆದು, ಯೋಚಿಸಿ ನಡೆಯುವಂತೆ ಮಾಡುವುದು ಹಣೆಯ ಹಿಂದಿನ ಮಿದುಳು. ಜೋರು ಪೆಟ್ಟಿನಲ್ಲಿ ಹೆಚ್ಚಾಗಿ ನೋಯುವ ಭಾಗಗಳಲ್ಲಿ ಅದೂ ಒಂದು. ಅದು ಪೂರ್ತಿ ಬಲಿಯುವುದೇ 25ರ ಆಸುಪಾಸಿಗೆ. ನಿಮ್ಮ ಮಗನಿಗೆ ಅದು ಇನ್ನೂ ಬೆಳೆಯುತ್ತಿದ್ದಾಗಲೇ ಹೀಗಾಯಿತು. ಜೊತೆಗೆ, ಹೇಳಬೇಕಾದ್ದು ತಲೆಯಲ್ಲಿದೆ, ಬಾಯಿಗೆ ಬರುತ್ತಿಲ್ಲ. ಓರಗೆಯವರು ಮುಂದೆ ಹೋದರು. ಇದೆಲ್ಲ ಅವನಿಗೆ ಗೊತ್ತಾಗುತ್ತದೆ.

ಫಿಸಿಯೋಥೆರಪಿ, ಮಾತಿನ ತರಬೇತಿ, ಓದು – ಎಲ್ಲ ಕಡೆಯೂ ಅವನಿಗೆ ಈಗ ಸರಿ, ತಪ್ಪು ಎಂಬ ಲೆಕ್ಕ. ಬಣ್ಣದ ಮುಂದೆ ಕೂತಾಗ ಮಾತ್ರ ಆ ಲೆಕ್ಕವಿಲ್ಲ. ಯಾವ ಬಣ್ಣ, ಎಲ್ಲಿ, ಎಷ್ಟು ಎನ್ನುವುದನ್ನು ಅವನೇ ತೀರ್ಮಾನಿಸುತ್ತಾನೆ. ಅಪಘಾತವಾದ ಮೇಲೆ ಅವನ ಎಲ್ಲ ತೀರ್ಮಾನಗಳನ್ನೂ ದೊಡ್ಡವರೇ ಮಾಡಿದ್ದೀರಿ, ಮಾಡಲೇಬೇಕಿತ್ತು. ಅದರಲ್ಲಿ ಸ್ವಲ್ಪವನ್ನಾದರೂ ಅವನ ಕೈಗೆ ಮರಳಿ ಕೊಡುವ ಕೆಲಸ ಇದು. ಕಣ್ಣು, ಕೈ, ಗಮನ ಮೂರಕ್ಕೂ ಅಭ್ಯಾಸವಾಗುವುದು ಹೆಚ್ಚುವರಿ ಲಾಭ.

ಸಂಗೀತದ್ದು ಇನ್ನೊಂದು ದಾರಿ. ಮಾತು ಹೆಚ್ಚಿನವರಲ್ಲಿ ಮಿದುಳಿನ ಎಡಬದಿಯದು. ಹಾಡಿಗೆ ಎರಡೂ ಬದಿ ದುಡಿಯುತ್ತವೆ. 2011ರಲ್ಲಿ ತಲೆಗೆ ಗುಂಡು ಬಿದ್ದು ಮಾತು ಕಳೆದುಕೊಂಡ ಅಮೆರಿಕದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರಿಗೆ ಮಾತಿನ ಚಿಕಿತ್ಸೆಯ ಜೊತೆ ಸಂಗೀತ ಥೆರಪಿಯೂ ನಡೆಯಿತು. ಆಡಲಾಗದ ಪದಗಳು ಹಾಡಿನಲ್ಲಿ ಬಂದವು. ಅವರ ಮಾತು ಮೊದಲಿನಷ್ಟು ಸಲೀಸಾಗಲಿಲ್ಲ, ಆದರೂ ಸಭೆಗಳಲ್ಲಿ ನಿಂತು ಮಾತನಾಡಿದರು.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಮಿದುಳಿಗೆ ಪೆಟ್ಟಾದವರಿಗೆ ಬೇಗ ದಣಿವಾಗುತ್ತದೆ. ಅವನು ಚೆನ್ನಾಗಿ ನಿದ್ದೆ ಮಾಡಿ ಎದ್ದಿರುವ ಹೊತ್ತಿನಲ್ಲಿ, ಟಿವಿ ಆರಿಸಿ, ಹದಿನೈದಿಪ್ಪತ್ತು ನಿಮಿಷ ಚಿತ್ರ ಬಿಡಿಸಿದರೆ ಸಾಕು. ‘ಇದೇನು ಬರೆದೆ?’ ಎಂದು ಕೇಳಬೇಡಿ, ತಿದ್ದಬೇಡಿ. ಅವನ ಚಿತ್ರವನ್ನು ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಅದು ಅವನದು. ಹಾಳೆ ತುಂಬ ಕಪ್ಪು ಬಳಿದರೂ, ಬೈಕನ್ನೇ ಬಿಡಿಸಿದರೂ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತಿರಿ, ಅವನು ಒಪ್ಪಿದರೆ ಥೆರಪಿಸ್ಟ್‌ಗೆ ತೋರಿಸಿ. ಚಿತ್ರ ಒಲ್ಲೆ ಎಂದರೆ ಒತ್ತಾಯ ಬೇಡ. ಭಜನೆಗೆ ತಾಳ ಹಾಕುವ ಅಭ್ಯಾಸವಿದ್ದವನಾದರೆ ಮನೆಯಲ್ಲೇ ಇಬ್ಬರು ಕೂತು ತಾಳ ಹಿಡಿಯಿರಿ. ಗುಡಿಯ ಗದ್ದಲ ಸದ್ಯಕ್ಕೆ ಬೇಡ.

ಚಿತ್ರ, ಸಂಗೀತ ಬೇರೆ ಚಿಕಿತ್ಸೆಗಳಿಗೆ ಬದಲಿಯಲ್ಲ. ಮಾತಿನ ತರಬೇತಿ ನಡೆಯಲಿ. ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಲೇಬೇಡಿ. ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ‘ಬದುಕಿ ಏನು ಮಾಡಲಿ’ ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮಿದುಳು, ಮನಸ್ಸಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಿಮಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ. ಪರೀಕ್ಷೆಯ ವಿಷಯವನ್ನು ಅವನ ವೈದ್ಯರ ಮುಂದಿಡಿ. ಅವರ ಪತ್ರ ಹಿಡಿದು, ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುವರೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಒಂದು ವರ್ಷ ತಡವಾದರೆ ಆಗಲಿ.

ಮುಂದಿನ ವಾರ ಥೆರಪಿಗೆ ಹೋಗುವಾಗ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ. ವಾದ ಬೇಡ. ಅಲ್ಲಿನವರ ಜೊತೆ ಅವರೇ ಒಮ್ಮೆ ಮಾತನಾಡಲಿ, ಅನುಮಾನಗಳನ್ನೆಲ್ಲ ಅವರೇ ಕೇಳಲಿ.