ರಕ್ತದ ಒತ್ತಡ: ಗೃಹಿಣಿಯರಿಗೂ ಗರ್ಭಿಣಿಯರಿಗೂ ಒಂದು ಪಾಠ

ನಮ್ಮಲ್ಲಿ ಕಲಿತುಹೋದ ಹೆಣ್ಣುಮಕ್ಕಳು ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಇನ್ನೂ ಮರೆತಿರಲಾರರು. ಆದರೆ ಆ ಹೃದಯವು ನೂಕಿದ ರಕ್ತವು ನಾಳಗಳ ಗೋಡೆಯನ್ನು ಎಷ್ಟು ಬಲದಿಂದ ಒತ್ತುತ್ತದೆ, ಆ ಬಲವು ಮಿತಿಮೀರಿದರೆ ಏನಾಗುತ್ತದೆ ಎಂಬದನ್ನು ನಾವು ಸಾಕಷ್ಟು ಕಲಿಸಲಿಲ್ಲ. ಈ ಕೊರತೆಯನ್ನು ನಮಗೆ ತೋರಿಸಿಕೊಟ್ಟವಳು ಸೊರಬದ ಕಡೆಗೆ ಮದುವೆಯಾಗಿ ಹೋದ ಒಬ್ಬ ಹಳೆಯ ವಿದ್ಯಾರ್ಥಿನಿ.

ಆಕೆಯು ಚೊಚ್ಚಲ ಹೆರಿಗೆಗಾಗಿ ಎಂಟನೆಯ ತಿಂಗಳಲ್ಲಿ ಶಿಕಾರಿಪುರದ ತವರಿಗೆ ಬಂದಳು. ಸೀಮಂತದ ಬಳೆಗಳು ಕೈಗೆ ಬಿಗಿಯಾಗಿದ್ದವು, ಮುಖವು ಊದಿತ್ತು. ಮಗಳು ಮೈತುಂಬಿಕೊಂಡಿದ್ದಾಳೆಂದು ಮನೆಯವರು ಸಂತೋಷಪಟ್ಟರು. ತಲೆನೋವು ಬಂದಾಗ ದೃಷ್ಟಿಯಾಯಿತೆಂದು ನಿವಾಳಿಸಿದರು. ಕಣ್ಣೆದುರು ಮಿಂಚಿದಂತಾಗುತ್ತದೆಂದು ಹೇಳಿದ ದಿನ ಆಶಾ ಕಾರ್ಯಕರ್ತೆಯೊಬ್ಬಳು ಹಟಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಒತ್ತಡವು 170ಕ್ಕೆ 112 ಇತ್ತು. ಮೂತ್ರದಲ್ಲಿ ಪ್ರೋಟೀನು ಕಂಡಿತು. ಹಿಂದಿನ ಒತ್ತಡವೆಷ್ಟೆಂದು ವೈದ್ಯರು ಕೇಳಲು ಉತ್ತರವಿರಲಿಲ್ಲ. ಯಾಕಂದರೆ ತಾಯಿ ಕಾರ್ಡು ಸೊರಬದ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಅದೇ ಸಂಜೆ ಶಿವಮೊಗ್ಗೆಗೆ ಒಯ್ದದ್ದರಿಂದ ತಾಯಿಯೂ ಶಿಶುವೂ ಉಳಿದರು.

ಈ ಅಂಕೆಗಳ ಅರ್ಥವೇನು? ಮೇಲಿನದು ಹೃದಯವು ಸಂಕುಚಿಸಿದಾಗಿನ ಒತ್ತಡ, ಕೆಳಗಿನದು ಅದು ಸಡಿಲಗೊಂಡಾಗಿನದು. ಅಳತೆಯು ಪಾದರಸದ ಮಿಲಿಮೀಟರುಗಳಲ್ಲಿ. ತೋಳಿಗೆ ಪಟ್ಟಿ ಕಟ್ಟುವ ಉಪಾಯವನ್ನು ಇಟಲಿಯ ರಿವಾ-ರೋಚಿ 1896ರಲ್ಲಿಯೂ, ನಾಡಿಯ ಸದ್ದನ್ನು ಕೇಳಿ ಎರಡು ಅಂಕೆಗಳನ್ನೂ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿಯೂ ತಿಳಿಸಿದರು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140ಕ್ಕೆ 90 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಅಧಿಕ ಒತ್ತಡವೆನ್ನುವರು. ಎರಡರಲ್ಲಿ ಒಂದು ಅಂಕೆ ಹೆಚ್ಚಾದರೂ ಸಾಕು. ಬಸ್ಸಿಳಿದು ಓಡಿಬಂದು ಕೈಚಾಚಿದರೆ ಸರಿಯಾದ ಅಳತೆ ಸಿಕ್ಕದು. ಐದು ನಿಮಿಷ ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಮಾತನಾಡದೆ ಕುಳಿತಿರತಕ್ಕದ್ದು. ತೋಳು ಹೃದಯದ ಮಟ್ಟದಲ್ಲಿರಬೇಕು. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿಯಾಗಲಿ ತಂಬಾಕಿನ ಕವಳವಾಗಲಿ ಕೂಡದು.

ಈ ವ್ಯಾಧಿಯು ಬಹುಮಂದಿಯಲ್ಲಿ ನೋವನ್ನೂ ಕೊಡದು, ಸುಳಿವನ್ನೂ ಕೊಡದು. ಸದ್ದಿಲ್ಲದೆ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುವದು. ಆದಕಾರಣ ಗುಳಿಗೆ ತಿಂದು ಅಂಕೆಯು ಇಳಿದೊಡನೆ "ವಾಸಿಯಾಯಿತು" ಎಂದು ಬಿಟ್ಟುಬಿಡುವ ಯಜಮಾನರು ಮನೆಮನೆಯಲ್ಲಿದ್ದಾರೆ. ಇಳಿದದ್ದು ಗುಳಿಗೆಯಿಂದಲೇ ಎಂಬದನ್ನು ಅವರಿಗೆ ಹೇಳುವ ಕೆಲಸ ಗೃಹಿಣಿಯದು. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಚಹಾ ಚಮಚೆಯಷ್ಟೂ ಇಲ್ಲ. ಮಲೆನಾಡಿನವರಾದ ನಮಗೆ ಅಪ್ಪೆಮಿಡಿಯ ಭರಣಿಯನ್ನು ದೂರವಿಡುವದು ಸುಲಭವಲ್ಲವೆಂದು ಒಪ್ಪುತ್ತೇವೆ.

ಗರ್ಭಿಣಿಯ ವಿಷಯವು ಬೇರೆ. ಇಪ್ಪತ್ತು ವಾರಗಳಿಗೆ ಮುಂಚೆಯೇ ಒತ್ತಡ ಹೆಚ್ಚಿದ್ದರೆ ಅದು ಸಾಮಾನ್ಯವಾಗಿ ಹಳೆಯ ವ್ಯಾಧಿ. ಆ ಮೇಲೆ ಹೊಸದಾಗಿ ಏರಿದರೆ ಗರ್ಭದಿಂದ ಬಂದದ್ದು. ಅದರೊಡನೆ ಮೂತ್ರದಲ್ಲಿ ಪ್ರೋಟೀನು ಹೋದರೆ, ಅಥವಾ ಯಕೃತ್ತು, ಮೂತ್ರಪಿಂಡ ಮುಂತಾದವು ಕೆಟ್ಟರೆ, ಅದಕ್ಕೆ ಪ್ರಿ-ಎಕ್ಲಾಂಪ್ಸಿಯ ಎಂದು ಹೆಸರು; ಮುಂದೆ ಅಪಸ್ಮಾರದಂಥ ಸೆಳವು ಬಂದರೆ ಎಕ್ಲಾಂಪ್ಸಿಯ. ಮೊದಲ ತಿಂಗಳುಗಳ ಅಂಕೆ ಕೈಯಲ್ಲಿಲ್ಲದೆ ಈ ಭೇದವನ್ನು ಅರಿಯುವದು ಕಷ್ಟ. ನಮ್ಮ ಹೆಣ್ಣುಮಕ್ಕಳು ಮನೆ ಬದಲಾಯಿಸುವದೋ ಅಪಾಯವು ಹೆಚ್ಚಾಗಿರುವ ಕಡೆಯ ತಿಂಗಳುಗಳಲ್ಲಿಯೇ. ಸೀರೆ, ಒಡವೆಗಳಿಗಿಂತ ಮುಂಚೆ ತಾಯಿ ಕಾರ್ಡು ಚೀಲಕ್ಕೆ ಸೇರಲಿ. ತವರಿಗೆ ಬಂದ ವಾರದಲ್ಲಿಯೇ ಅಲ್ಲಿ ಹೆಸರು ಬರೆಸಲಿ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು ಇದೆ.

ಕಾಲು ಊದುವದು ಅನೇಕ ಗರ್ಭಿಣಿಯರಿಗೆ ಸಹಜ. ಆದರೆ ಮುಖವೂ ಕೈಗಳೂ ಒಮ್ಮೆಗೇ ಊದುವದು, ಬಿಡದ ತಲೆನೋವು, ದೃಷ್ಟಿ ಮಂಜಾಗುವದು, ಬಲಪಕ್ಕೆಯ ಕೆಳಗೆ ನೋವು, ಮೇಲುಸಿರು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು ಕಾಯದೆ 108ಕ್ಕೆ ಕರೆಮಾಡಿರಿ. 160ಕ್ಕೆ 110 ಮುಟ್ಟಿದರೆ ಕೂಡಲೇ ಚಿಕಿತ್ಸೆ ಬೇಕು. ಲೆಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಎಂಬವುಗಳನ್ನು ವೈದ್ಯರು ಗರ್ಭಿಣಿಯರಿಗೆ ಕೊಡುವರು. ಸೆಳವನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟಿನ ಚುಚ್ಚುಮದ್ದು. ಮೊದಲೇ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ನುಂಗುತ್ತಿರುವವಳು ಗರ್ಭವು ನಿಂತಿತೆಂದು ತಿಳಿದೊಡನೆ ವೈದ್ಯರಿಗೆ ಹೇಳಿ ಅದನ್ನು ಬದಲಾಯಿಸಿಕೊಳ್ಳತಕ್ಕದ್ದು. ಅವು ಶಿಶುವಿಗೆ ಕೇಡು. ಹಿಂದಿನ ಗರ್ಭದಲ್ಲಿ ಈ ತೊಂದರೆ ಕಂಡವಳಿಗೆ ಮೂರು ತಿಂಗಳು ತುಂಬುವಾಗಲೇ ಅಲ್ಪ ಪ್ರಮಾಣದ ಆಸ್ಪಿರಿನ್ ಆರಂಭಿಸುವದುಂಟು. ಅದೂ ವೈದ್ಯರ ಮಾತಿನ ಮೇಲೆಯೇ.

ಶಿಶುವು ಹುಟ್ಟಿದೊಡನೆ ಭಯವು ತೀರಿತೆಂದು ಎಣಿಸಬಾರದು. ಬಾಣಂತಿಗೂ ಸೆಳವು ಬರಬಹುದು, ವಿಶೇಷವಾಗಿ ಮೊದಲ ವಾರದಲ್ಲಿ. ಕತ್ತಲೆ ಕೋಣೆಯಲ್ಲಿ ಬೆಚ್ಚಗೆ ಮಲಗಿರುವ ಆಕೆಯ ತಲೆನೋವನ್ನು ಶೀತವೆಂದು ತಳ್ಳಿಹಾಕದೆ ಒತ್ತಡವನ್ನು ಅಳೆಸಿರಿ. ಆರು ವಾರಗಳಾದ ಮೇಲೆ ಮತ್ತೊಮ್ಮೆ, ಆ ಬಳಿಕ ವರುಷಕ್ಕೊಮ್ಮೆ, ಯಾಕಂದರೆ ಇಂಥವರಿಗೆ ಮುಂದೆ ಅಧಿಕ ಒತ್ತಡವು ಬರುವ ಸಂಭವ ಹೆಚ್ಚು. ನಮ್ಮ ಆ ವಿದ್ಯಾರ್ಥಿನಿಯು ಕಳೆದ ಪತ್ರದಲ್ಲಿ ತನ್ನದು 128ಕ್ಕೆ 82 ಎಂದು ಬರೆದಿದ್ದಾಳೆ.